ಎಳ್ಳಮಾವಾಸ್ಯೆಯಿಂದ ಯುಗಾದಿಯವರೆಗೆ ಒಂದು ಕುನ್ನಿ

ತುಂಗಭದ್ರೆಯ ದಂಡೆಯ ಚೀಕಲಪರ್ವಿ ಮಾನ್ವಿ ತಾಲ್ಲೂಕಿನ ಸಣ್ಣ ಊರು. ಹೊರಗಿನವರಿಗೆ ಅದು ವಿಜಯದಾಸರ ಹುಟ್ಟೂರೆಂದು ಪರಿಚಯ. ಚಳಿ ಬಿದ್ದಿತೆಂದರೆ ಇಂಥ ಊರುಗಳ ಓಣಿಗಳಲ್ಲಿ ನಾಯಿಗಳು ಮರಿ ಹಾಕುತ್ತವೆ. ಹುಲ್ಲಿನ ಬಣವಿಯ ಸಂದಿ, ಬಿದ್ದ ಮನೆಯ ಮೂಲೆ, ನಿಂತ ಟ್ರ್ಯಾಲಿಯ ಅಡಿ, ಹೀಗೆ ಗಾಳಿ ತಾಕದ ಜಾಗ ಹುಡುಕಿಕೊಳ್ಳುತ್ತವೆ. ಒಂದು ಸಂಜೆ ಶಾಲೆ ಬಿಟ್ಟು ಬರುವ ಹುಡುಗ ಒಂದು ಕುನ್ನಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದು, "ಅವ್ವಾ, ಇದನ್ನ ಸಾಕೋಣು" ಅನ್ನುತ್ತಾನೆ. ಮಾನ್ವಿ, ದೇವದುರ್ಗದ ಕಡೆ ಮೊದಲ ಸಲ ನಾಯಿ ಸಾಕಿದ ಎಷ್ಟೋ ಮನೆಗಳಿಗೆ ನಾಯಿ ಬಂದದ್ದು ಹೀಗೆಯೇ. ಓದಿ, ಯೋಚಿಸಿ, ಸಿದ್ಧತೆ ಮಾಡಿಕೊಂಡು ಯಾರೂ ತಂದದ್ದಲ್ಲ. ಈ ಲೇಖನ ಆ ಹುಡುಗನ ಮನೆಯವರಿಗೆ.

ಅವರು ಮೊದಲು ಕೇಳಿಕೊಳ್ಳಬೇಕಾದದ್ದು ಕುನ್ನಿಯ ಜಾತಿ ಯಾವುದೆಂದಲ್ಲ, ಅದಕ್ಕೆ ಎಷ್ಟು ವಾರ ಎಂದು. ಎಳ್ಳಮಾವಾಸ್ಯೆಗೆ ಎರಡು ವಾರ ಮುಂಚೆ ಹುಟ್ಟಿದ ಒಂದು ಮರಿಯನ್ನು ಲೆಕ್ಕಕ್ಕೆ ಹಿಡಿಯೋಣ. ಹುಟ್ಟಿದಾಗ ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ತಾಯಿಯ ಮೈಬಿಸಿ ಮತ್ತು ಮೊಲೆಯ ವಾಸನೆ ಎರಡೇ ಗೊತ್ತು. ಎಳ್ಳಮಾವಾಸ್ಯೆಯ ಹೊತ್ತಿಗೆ ಕಣ್ಣು ಬಿಡುತ್ತದೆ. ಮೂರನೇ ವಾರದಲ್ಲಿ ಕಿವಿ ಕೇಳತೊಡಗುತ್ತದೆ, ಕಾಲು ನಿಲ್ಲುತ್ತದೆ. ಅಲ್ಲಿಂದ ಸುಮಾರು ಹದಿನಾಲ್ಕನೇ ವಾರದವರೆಗಿನ ಕಾಲವನ್ನು ವಿಜ್ಞಾನಿಗಳು ಸಾಮಾಜೀಕರಣದ ಅವಧಿ ಎನ್ನುತ್ತಾರೆ. ಯಾರು ನಮ್ಮವರು, ಯಾವ ಸದ್ದು ನಿರಪಾಯ, ಯಾವುದಕ್ಕೆ ಹೆದರಬೇಕು ಎಂಬುದನ್ನು ಮರಿಯ ಮಿದುಳು ಹೆಚ್ಚುಮಟ್ಟಿಗೆ ಈ ವಾರಗಳಲ್ಲೇ ತೀರ್ಮಾನಿಸಿಬಿಡುತ್ತದೆ. ಯುಗಾದಿಯ ದಿನ ನಮ್ಮ ಮರಿಗೆ ಹದಿನೈದು ವಾರ ತುಂಬುತ್ತಿರುತ್ತದೆ. ಎರೆಭೂಮಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಸಿ ಹೆಚ್ಚಿದ್ದರೆ ಕೂರಿಗೆ ಹೂಳುತ್ತದೆ, ಆರಿದರೆ ನೆಲ ಬಿರಿಯುತ್ತದೆ, ನಡುವಿನ ಹದದಲ್ಲೇ ಬಿತ್ತಬೇಕು. ಕುನ್ನಿಯ ಹದ ಎಳ್ಳಮಾವಾಸ್ಯೆಗೂ ಯುಗಾದಿಗೂ ನಡುವೆ ಇದೆ.

ಈ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ. ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಸಂಶೋಧಕರು ನಾಯಿಮರಿಗಳನ್ನು ಎತ್ತರದ ಬೇಲಿಯೊಳಗೆ, ಮನುಷ್ಯರ ಒಡನಾಟವಿಲ್ಲದೆ, ತಾಯಿಯ ಜೊತೆ ಬೆಳೆಯಬಿಟ್ಟರು. ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರಗಳಲ್ಲಿ ಒಳಗೆ ತಂದು ಒಂದೊಂದು ವಾರ ಆಡಿಸಿ ಮರಳಿ ಬಿಟ್ಟರು. ಐದರಿಂದ ಒಂಬತ್ತನೇ ವಾರದ ನಡುವೆ ಬಂದವು ಮನುಷ್ಯರಿಗೆ ಒಗ್ಗಿಕೊಂಡವು. ಹದಿನಾಲ್ಕನೇ ವಾರದವರೆಗೂ ಮನುಷ್ಯರ ಕೈ ಸೋಕದ ಮರಿಗಳು ಮಾತ್ರ ಕಾಡುಪ್ರಾಣಿಗಳಂತೆ ಓಡಿಹೋಗುತ್ತಿದ್ದವು. ಆಮೇಲೆ ಎಷ್ಟು ಪ್ರೀತಿ ತೋರಿಸಿದರೂ ಪೂರ್ತಿ ಹತ್ತಿರವಾಗಲಿಲ್ಲ. ಈ ಪ್ರಯೋಗ ಪ್ರಕಟವಾದದ್ದು 1961ರಲ್ಲಿ. ಅದೇ ಪ್ರಯೋಗಾಲಯದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಡೆಸಿದ ಅಧ್ಯಯನ 1965ರಲ್ಲಿ ಪುಸ್ತಕವಾಗಿ ಬಂತು.

ನಮ್ಮ ಕುರಿಗಾಹಿಗಳು ಇದನ್ನು ಪುಸ್ತಕವಿಲ್ಲದೆ ಬಲ್ಲರು. ರಾಯಚೂರು ಸೀಮೆಯಲ್ಲಿ ಊರಿಂದೂರಿಗೆ ಕುರಿ ಹಿಂಡು ಹೊಡೆದುಕೊಂಡು ಹೋಗುವ ಕುರುಬರ ಹಟ್ಟಿಯಲ್ಲಿ ನಾಯಿಮರಿ ಕುರಿಮರಿಗಳ ನಡುವೆಯೇ ಕಣ್ಣು ಬಿಟ್ಟು ಬೆಳೆಯುತ್ತದೆ. ದೊಡ್ಡದಾದ ಮೇಲೆ ಹಿಂಡು ಅದಕ್ಕೆ ಬೇಟೆಯಲ್ಲ, ಬಳಗ. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಯಾನದಲ್ಲಿ, 1833ರಲ್ಲಿ, ಇಂದಿನ ಉರುಗ್ವೆಯಲ್ಲಿ ಇಂಥದೇ ಪದ್ಧತಿಯನ್ನು ಕಂಡು ಬೆರಗಾಗಿ ಬರೆದಿಟ್ಟ. ಅಲ್ಲಿ ಎಳೆಯ ಮರಿಯನ್ನು ತಾಯಿಯಿಂದ ಬಿಡಿಸಿ, ದಿನಕ್ಕೆ ಮೂರು ನಾಲ್ಕು ಸಲ ಕುರಿಯ ಹಾಲು ಕುಡಿಸಿ, ದೊಡ್ಡಿಯಲ್ಲೇ ಉಣ್ಣೆಯ ಹಾಸಿಗೆ ಮಾಡಿ ಮಲಗಿಸುತ್ತಿದ್ದರು. ಅಂಥ ನಾಯಿ ಬೆಳೆದ ಮೇಲೆ ಕುರಿಗಳನ್ನು ಬಿಟ್ಟು ಕದಲುತ್ತಿರಲಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮರಿ ಮುಂದೆ ಯಾವ ಲೋಕದಲ್ಲಿ ಬಾಳಬೇಕೋ ಆ ಲೋಕವನ್ನು ಈಗಲೇ, ಮೆಲ್ಲಗೆ, ತಿನಿಸಿನ ಜೊತೆಗೆ ತೋರಿಸಬೇಕು. ಕೋಲು ಹಿಡಿದ ಅಜ್ಜ, ಬುರ್ಖಾ ತೊಟ್ಟ ಹೆಣ್ಣುಮಗಳು, ಹೆಲ್ಮೆಟ್ ಹಾಕಿದ ಬೈಕಿನವ, ಓಡುವ ಮಕ್ಕಳು, ಎತ್ತಿನ ಬಂಡಿ, ಟ್ರ್ಯಾಕ್ಟರ್, ಗಿರಣಿಯ ಸದ್ದು, ಮೊಹರಂ ಹಲಿಗೆ, ಕುಕ್ಕರಿನ ಸೀಟಿ, ಬೆಕ್ಕು, ಕೋಳಿ. ಹಲಿಗೆ ಬಡಿಯುವವರ ಪಕ್ಕಕ್ಕೇ ಒಯ್ದು ನಿಲ್ಲಿಸಿದರೆ ಕಲಿಸಿದಂತಾಗುವುದಿಲ್ಲ, ಹೆದರಿಸಿದಂತಾಗುತ್ತದೆ. ಓಣಿಯ ಆ ತುದಿಯಲ್ಲಿ ಸದ್ದು, ಈ ತುದಿಯಲ್ಲಿ ಮರಿಯ ಬಾಯಿಗೊಂದು ತುಣುಕು ಬೇಯಿಸಿದ ತತ್ತಿ. ಬಾಲ ಮಡಚಿ ಹಿಂದೆ ಸರಿಯಿತೋ, ನಾವೂ ಅಷ್ಟು ದೂರ ಸರಿಯಬೇಕು.

ಆದರೆ ಹುಡುಗ ಮೂರೇ ವಾರದ ಮರಿಯನ್ನು ಎತ್ತಿಕೊಂಡು ಬಂದಿದ್ದರೆ, ತಾಯಿ ಬದುಕಿದ್ದರೆ, ಅದನ್ನು ಹಿಂದಕ್ಕೆ ಬಿಟ್ಟು ಬರುವುದೇ ಸರಿ. ಏಳೆಂಟು ವಾರವಾಗುವವರೆಗೆ ಅಲ್ಲಿಗೇ ಹೋಗಿ ಆಡಿಸಿ ಬರಬಹುದು, ತಾಯಿಗೂ ಒಂದಿಷ್ಟು ರೊಟ್ಟಿ ಹಾಕಬಹುದು. ಒಡಹುಟ್ಟಿದವುಗಳ ಜೊತೆ ಕಚ್ಚಾಡುವಾಗಲೇ ಮರಿ ತನ್ನ ಹಲ್ಲಿನ ಬಿಗಿ ಎಷ್ಟಿರಬೇಕೆಂದು ಕಲಿಯುತ್ತದೆ. ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚುತ್ತದೆ, ಆಟ ನಿಲ್ಲುತ್ತದೆ. ಆ ಪಾಠ ತಪ್ಪಿದ ನಾಯಿಗೆ ಅದನ್ನು ಮನುಷ್ಯರು ಕಲಿಸುವುದು ಕಷ್ಟ. ಬದುಕುಳಿಯುವ ಪ್ರಶ್ನೆಯೂ ಇದೆ. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ 364 ಬೀದಿಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಯಕ್ಕೆ ಬರುವವರೆಗೆ ಉಳಿದವು ನೂರಕ್ಕೆ 19 ಮಾತ್ರ. ನಷ್ಟದಲ್ಲಿ ಶೇ 63ರಷ್ಟಕ್ಕೆ ಒಂದಲ್ಲ ಒಂದು ಬಗೆಯಲ್ಲಿ ಮನುಷ್ಯರೇ ಕಾರಣ. ಈ ಅಂಕಿ ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಕುನ್ನಿಯನ್ನು ಸರಿಯಾದ ವಯಸ್ಸಿಗೆ ತಂದು ಸರಿಯಾಗಿ ಸಾಕುವುದು ಸಣ್ಣ ಕೆಲಸವಲ್ಲ.

ಇಲ್ಲೊಂದು ತೊಡಕಿದೆ. ಲೋಕ ತೋರಿಸಬೇಕಾದ ವಾರಗಳೇ ರೋಗ ತಗಲುವ ವಾರಗಳೂ ಹೌದು. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ವಾರ ಮರಿಯನ್ನು ಕಾಯುತ್ತವೆ. ಅವು ಮೈಯಲ್ಲಿರುವಷ್ಟು ಕಾಲ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಯಾವ ಮರಿಯಲ್ಲಿ ಅವು ಯಾವ ವಾರ ಕರಗುತ್ತವೆಂದು ಹೊರಗಿನಿಂದ ಗೊತ್ತಾಗದು. ಆದ್ದರಿಂದಲೇ ಆರರಿಂದ ಎಂಟನೇ ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ ಮತ್ತೆ ಮತ್ತೆ. "ಒಂದು ಸೂಜಿ ಹಾಕಿಸೇವಲ್ಲ, ಮತ್ಯಾಕೆ" ಎನ್ನುವವರಿಗೆ ಇದೇ ಉತ್ತರ. ಮುಖ್ಯ ಶತ್ರು ಪಾರ್ವೊ ವೈರಸ್. 1978ರ ಹೊತ್ತಿಗೆ ಜಗತ್ತಿನ ನಾಯಿಗಳಲ್ಲಿ ಹೊಸದಾಗಿ ಕಾಣಿಸಿಕೊಂಡ ಇದು ರಕ್ತಭೇದಿ, ವಾಂತಿಯಿಂದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗೆಂದು ಹದಿನಾರು ವಾರ ಮರಿಯನ್ನು ಕೋಣೆಯಲ್ಲಿ ಕೂಡಿಹಾಕಿದರೆ ಹದ ಕೈತಪ್ಪುತ್ತದೆ. ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘ 2008ರಲ್ಲೇ ಹೇಳಿದ ದಾರಿ ನಮಗೂ ಸಲ್ಲುತ್ತದೆ: ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ ಒಡನಾಟ ಶುರುಮಾಡಿ. ಬೇರೆ ನಾಯಿಗಳು ಹೇಲುವ ಜಾಗದಲ್ಲಿ ಮಾತ್ರ ನೆಲಕ್ಕೆ ಬಿಡಬೇಡಿ. ಕಂಕುಳಲ್ಲಿ ಎತ್ತಿಕೊಂಡು ಊರೆಲ್ಲ ತೋರಿಸಿ, ಕಟ್ಟೆಯ ಮೇಲೆ ತೊಡೆಯಲ್ಲಿ ಕೂರಿಸಿಕೊಳ್ಳಿ.

ಜಂತುಹುಳುವಿನ ಔಷಧವನ್ನು ಮೊದಲ ವಾರಗಳಿಂದಲೇ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಬೇಕು. ಈ ಹುಳು ತಾಯಿಯ ಗರ್ಭದಲ್ಲೇ ಮರಿಗೆ ದಾಟುತ್ತದೆ, ಅದರ ಮೊಟ್ಟೆ ಮಣ್ಣಾಡುವ ಮಕ್ಕಳ ಹೊಟ್ಟೆಗೂ ಸೇರುತ್ತದೆ.

ಹುಚ್ಚುನಾಯಿ ರೋಗದ ವಿಷಯದಲ್ಲಿ ರಾಜಿ ಬೇಡ. ಮರಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ವರ್ಷಕ್ಕೆ ಮತ್ತೊಂದು. "ಸಣ್ಣ ಕುನ್ನಿ, ಅದಕ್ಕೆಲ್ಲಿಯ ಹುಚ್ಚು" ಎಂಬ ಮಾತು ಜೀವ ತೆಗೆದಿದೆ. ರೋಗವಿರುವ ನಾಯಿ ಕಚ್ಚಿದ್ದರೆ ಎಳೆಯ ಮರಿಗೂ ಅದು ಬರುತ್ತದೆ. ಲಸಿಕೆಯಾಗದ ಬೀದಿಮರಿ ಹುಡುಗನ ಕೈಗೆ ಹಲ್ಲು ತಾಕಿಸಿ ಚರ್ಮ ಕಿತ್ತಿದ್ದರೆ ಹರಿಯುವ ನೀರು ಮತ್ತು ಸಾಬೂನಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬಾರದು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಅದಕ್ಕೆ ಮೊದಲು ಲಸಿಕೆ ಪೂರ್ತಿಯಾದರೆ ಭಯವಿಲ್ಲ.

ಇನ್ನು ಕಲಿಸುವ ಮಾತು. ನಾಯಿಗೆ ಬಡಿದೇ ಬುದ್ಧಿ ಕಲಿಸಬೇಕೆಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ನಾಯಿ ತೋಳದ ವಂಶ, ತೋಳಗಳ ಗುಂಪಿನಲ್ಲಿ ಬಲಶಾಲಿಯೇ ಯಜಮಾನ, ಹಾಗಾಗಿ ಮನೆಯವರೂ ಬಲ ತೋರಿಸಬೇಕು ಎಂದು ವಾದಿಸುವವರಿದ್ದಾರೆ. ಆ ವಾದದ ಬುಡ 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಕಾಡಿನ ತೋಳಗಳನ್ನು ಹಲವು ಬೇಸಿಗೆ ಹತ್ತಿರದಿಂದ ಕಂಡ ಡೇವಿಡ್ ಮೆಕ್, ತೋಳದ ಗುಂಪೆಂದರೆ ತಾಯಿ, ತಂದೆ ಮತ್ತು ಮಕ್ಕಳ ಸಂಸಾರ ಎಂದು 1999ರಲ್ಲಿ ಬರೆದರು. ತಮ್ಮ ಹಳೆಯ ಪುಸ್ತಕದ ಮಾತನ್ನೂ ತಿದ್ದಿಕೊಂಡರು. ಅಲ್ಲಿ ಯಜಮಾನಿಕೆಯ ಕಾದಾಟವಿಲ್ಲ, ಹೆತ್ತವರ ಮುಂದಾಳುತನವಿದೆ.

ಬಡಿತದಿಂದ ನಾಯಿ ಏನು ಕಲಿಯುತ್ತದೆ? ಮಗ್ಗುಲ ಕೋಣೆಯಲ್ಲಿ ಉಚ್ಚೆ ಹೊಯ್ದ ಮರಿಗೆ ಹತ್ತು ನಿಮಿಷದ ಮೇಲೆ ಏಟು ಬಿದ್ದರೆ, ಅದು ಉಚ್ಚೆಗೂ ಏಟಿಗೂ ನಂಟು ಹಾಕುವುದಿಲ್ಲ; ಬಂದ ಮನುಷ್ಯನಿಗೂ ಏಟಿಗೂ ಹಾಕುತ್ತದೆ. "ತಪ್ಪು ಮಾಡೇನಿ ಅಂತ ಅದಕ್ಕೇ ಗೊತ್ತು, ಮುಖ ನೋಡ್ರಿ" ಎನ್ನುತ್ತೇವೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಿನ್ನಬೇಡವೆಂದ ತಿನಿಸನ್ನು ನಾಯಿ ತಿಂದಿರಲಿ ಬಿಡಲಿ, ಯಜಮಾನ ಬೈದಾಗಲೇ ಆ ಅಪರಾಧಿ ಮುಖ ಹೆಚ್ಚು ಕಾಣಿಸಿತು. ಏನೂ ತಿನ್ನದ ನಾಯಿಯೂ ಬೈಸಿಕೊಂಡಾಗ ಹಾಗೆಯೇ ಕಿವಿ ಮಡಚಿತು. ನಾವು ಪಶ್ಚಾತ್ತಾಪ ಎಂದುಕೊಂಡದ್ದು ಭಯ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಅಭ್ಯಸಿಸಿ 2020ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ದಂಡಿಸಿ ಕಲಿಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಿತ್ತು. ಬಹುಮಾನ ಕೊಟ್ಟು ಕಲಿಸಿದವುಗಳಲ್ಲಿ ಹಾಗೆ ಏರಿರಲಿಲ್ಲ.

ಬಹುಮಾನದ ಗುಟ್ಟು ಹೊತ್ತಿನಲ್ಲಿದೆ. ಬೇಕಾದದ್ದನ್ನು ಮಾಡಿದ ಒಂದೆರಡು ಸೆಕೆಂಡಿನೊಳಗೆ ತುಣುಕು ಬಾಯಿಗೆ ಬೀಳಬೇಕು. ಹೆಸರು ಕರೆದು "ಬಾ" ಎನ್ನಿ, ಎರಡು ಹೆಜ್ಜೆ ಬಂದರೂ ಕೊಡಿ. ಮನೆಯವರೆಲ್ಲ ಒಂದೇ ಪದ ಬಳಸಿ. ಅಪ್ಪ "ಬಾ", ಮಗ "ಕಮ್", ಅಜ್ಜಿ "ಇತ್ತ ಬಾರೋ" ಎಂದರೆ ಮರಿಗೆ ಮೂರು ಪಾಠ. ಬೈಯಲು ಮಾತ್ರ ಎಂದೂ "ಬಾ" ಎಂದು ಕರೆಯಬೇಡಿ, ಆ ಪದ ಕೆಟ್ಟುಹೋಗುತ್ತದೆ. ಪಾಠ ಎರಡು ಮೂರು ನಿಮಿಷ ಸಾಕು, ದಿನಕ್ಕೆ ಹಲವು ಸಲ. ಬೀದಿನಾಯಿಗೆ ಬುದ್ಧಿ ಕಮ್ಮಿ ಎನ್ನುವವರಿಗೊಂದು ಮಾತು: ಯಾರೂ ಕಲಿಸದ ಬೀದಿನಾಯಿಗಳು ಅಪರಿಚಿತರು ಬೆರಳು ತೋರಿಸಿದ ಕಡೆ ಹೋಗಬಲ್ಲವೆಂದು ಭದ್ರಾ ಅವರ ತಂಡ 2020ರಲ್ಲಿ ತೋರಿಸಿದೆ.

ಉಚ್ಚೆಯ ಪಾಠವೂ ಇದೇ ಹಾದಿ. ಎರಡು ತಿಂಗಳ ಮರಿಗೆ ಬಹಳ ಹೊತ್ತು ತಡೆಯುವ ಶಕ್ತಿಯಿಲ್ಲ. ನಿದ್ದೆಯಿಂದ ಎದ್ದಕೂಡಲೇ, ಉಂಡಕೂಡಲೇ, ಆಡಿದಕೂಡಲೇ ಅಂಗಳದ ಒಂದೇ ಜಾಗಕ್ಕೆ ಒಯ್ದು, ಮುಗಿಸಿದ ತಕ್ಷಣ ಅಲ್ಲೇ ತಿನಿಸು ಕೊಡಿ. ಕಚ್ಚುವುದಕ್ಕೆ ಕೈ ಕೊಡದೆ ಗಟ್ಟಿ ಹಗ್ಗದ ಗಂಟು ಕೊಡಿ. ನಾಲ್ಕನೇ ತಿಂಗಳಿಂದ 28 ಹಾಲುಹಲ್ಲು ಬಿದ್ದು 42 ಹಲ್ಲು ಬರುವಾಗ ವಸಡು ತುರಿಸುತ್ತದೆ, ಅದು ಹಟವಲ್ಲ.

ಜೋಳದ ರೊಟ್ಟಿ ನಾಯಿಗೆ ಆಗುತ್ತದೆಯೇ? ಆಗುತ್ತದೆ. ಹಿಟ್ಟಿನಂಶ ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳದಲ್ಲಿ ಎರಡೇ ಪ್ರತಿಯಿದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು ಇವೆ ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಡರು. ಮನುಷ್ಯ ಬೇಸಾಯ ಕಲಿತು ಧಾನ್ಯ ಉಣ್ಣತೊಡಗಿದ ಮೇಲೆ ನಾಯಿಯೂ ಜೊತೆಗೆ ಉಂಡದ್ದರ ಗುರುತು ಅದು. ಆದರೆ ಬೆಳೆಯುವ ಮರಿಗೆ ಬರೀ ರೊಟ್ಟಿ, ಮಜ್ಜಿಗೆ ಸಾಲದು. ತತ್ತಿ, ಕೋಳಿ ಅಥವಾ ಮೀನು, ಎಲುಬು ಬಲಿಯಲು ಸುಣ್ಣದಂಶ ಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆರೆತ ಪಲ್ಯ, ಸಾರು ಹಾಕಬಾರದು, ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಚಾಕೊಲೇಟ್ ವಿಷ. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನು ಮರಿಗೆ ಎಟುಕದಂತೆ ಇಡಿ.

ಯುಗಾದಿಯ ಹಿಂದೆಯೇ ಬಿಸಿಲು ಬರುತ್ತದೆ. ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಹೊಸತಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಡುವುದೇ ಮೈ ತಣಿಸುವ ದಾರಿ. ಇಂಥಲ್ಲಿಗೆ ಹಿಮದ ನಾಡಿನ ಹಸ್ಕಿಯನ್ನೋ, ಮೂಗು ಚಪ್ಪಟೆಯಾಗಿ ಉಸಿರಿಗೇ ಕಷ್ಟಪಡುವ ಪಗ್‌ ನಾಯಿಯನ್ನೋ ದುಡ್ಡು ಕೊಟ್ಟು ತರುವುದು ಆ ಪ್ರಾಣಿಗೆ ಶಿಕ್ಷೆ. ಹೊಲವಿರುವವರಿಗೆ, ದಿನವೂ ಓಡಿಸುವ ಮನಸ್ಸಿರುವವರಿಗೆ ಮುಧೋಳ ನಾಯಿ ಇದೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಆ ತಳಿಯನ್ನು ಕಾಪಾಡುತ್ತಿದೆ. ಉಳಿದವರಿಗೆ ಈ ಬಿಸಿಲಲ್ಲೇ ತಲೆಮಾರುಗಳಿಂದ ಉಳಿದು ಬಂದ ಓಣಿಯ ಕುನ್ನಿಯೇ ಸೈ. ಅದಕ್ಕೂ ಮಧ್ಯಾಹ್ನ ಬೇವಿನ ನೆರಳು, ಮಡಿಕೆಯ ನೀರು ಬೇಕು. ತಗಡಿನ ಕೆಳಗೆ ಕಟ್ಟಿಹಾಕಬಾರದು. ತತ್ತರಿಸಿ ಬಿದ್ದರೆ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಪಶು ಆಸ್ಪತ್ರೆಗೆ ಒಯ್ಯಬೇಕು.

ಶ್ರಾವಣದ ಹೊತ್ತಿಗೆ ನಮ್ಮ ಮರಿಗೆ ಎಂಟು ತಿಂಗಳು. ಆಗ ಮನೆಯವರು ಎದೆಗುಂದುವ ಒಂದು ಕಾಲ ಬರುತ್ತದೆ. ಕರೆದರೆ ಬರುತ್ತಿದ್ದದ್ದು ಬರುವುದಿಲ್ಲ, ಕಲಿತದ್ದೆಲ್ಲ ಮರೆತಂತೆ ಮಾಡುತ್ತದೆ. ಬ್ರಿಟನ್ನಿನಲ್ಲಿ ಲೂಸಿ ಆಶರ್ ಮತ್ತು ಸಂಗಡಿಗರು ಕುರುಡರ ದಾರಿ ತೋರುವ ನಾಯಿಗಳಾಗಲು ಬೆಳೆಯುತ್ತಿದ್ದ ಮರಿಗಳನ್ನು ಗಮನಿಸಿ 2020ರಲ್ಲಿ ಬರೆದರು: ಎಂಟನೇ ತಿಂಗಳಲ್ಲಿ "ಕೂರು" ಎಂದರೆ ಮರಿಗಳು ಸಾಕಿದವರ ಮಾತನ್ನು ಐದನೇ ತಿಂಗಳಿಗಿಂತ ಕಡಿಮೆ ಕೇಳಿದವು, ಅಪರಿಚಿತರ ಮಾತನ್ನು ಮಾತ್ರ ಕೇಳಿದವು. ವರ್ಷ ತುಂಬುವ ವೇಳೆಗೆ ಅದು ಸರಿಹೋಯಿತು. ಮನೆ ಬಿಡಿಸಿ ಹೊಲದಲ್ಲೋ ಸಂತೆಯಲ್ಲೋ ನಾಯಿಯನ್ನು ಬಿಟ್ಟು ಬರುವ ಮಾತು ಬರುವುದು ಇದೇ ತಿಂಗಳುಗಳಲ್ಲಿ. ಹಾಗೆ ಮಾಡುವ ಬದಲು ಉದ್ದನೆಯ ಹಗ್ಗ ಕಟ್ಟಿ, ತತ್ತಿಯ ತುಣುಕನ್ನು ಮತ್ತೆ ಕಿಸೆಗೆ ಹಾಕಿಕೊಂಡು, ಎರಡನೇ ತಿಂಗಳ ಪಾಠವನ್ನೇ ಮೊದಲಿನಿಂದ ಹೇಳಿಕೊಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬೇಕೆಂದು ಪಶುವೈದ್ಯರನ್ನು ಕೇಳಲೂ ಇದೇ ಸಮಯ. ಮುಂದಿನ ಚಳಿಗೆ ಇನ್ನು ನಾಲ್ಕೇ ತಿಂಗಳಿದೆ.