ಪೇಟೆ ಧಾರಣೆ ವಾಚನಾಲಯದ ಹಲಗೆಗೆ

ಮೆಣಸಿನಕಾಯಿ ಚೀಲಗಳನ್ನು ಗಾಡಿಗೆ ಹೇರುವ ಮುನ್ನ ರೈತನಿಗೆ ತಿಳಿಯಬೇಕಾದುದು ಪೇಟೆಯ ಧಾರಣೆ. ಬಾಯಿಮಾತಿನಲ್ಲಿ ಬರುವ ಸುದ್ದಿ ಹೆಚ್ಚಾಗಿ ಅತಿ ಮೇಲಿನ ದರಕ್ಕೆ ಹೋದ ಲಾಟಿನದು. ಅದನ್ನು ನಂಬಿ ಬಾಡಿಗೆ ತೆತ್ತು ಹೋದವರು ಪೇಚಾಡುವುದುಂಟು.

ದೇಶದ ಮಾರುಕಟ್ಟೆಗಳ ದಿನದ ಧಾರಣೆಗಳನ್ನು ಕೇಂದ್ರ ಸರಕಾರವು ‘ಡೇಟಾ ಡಾಟ್ ಜಿಒವಿ ಡಾಟ್ ಇನ್’ ಎಂಬ ಅಂತರಜಾಲ ತಾಣದಲ್ಲಿ ಉಚಿತವಾಗಿ ಒದಗಿಸುತ್ತದೆ. ಊರಿನಲ್ಲಿ ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರಿದ್ದರೆ ಪೈಥಾನ್ ಭಾಷೆಯಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದು, ಪ್ರತಿ ಸಂಜೆ ಅವನ್ನು ವಾಚನಾಲಯದ ಹಲಗೆಗೆ ತರಬಹುದು.

ಎಕ್ಸ್‌ಎಂಎಲ್ ಎಂದರೇನು?

ಈ ಧಾರಣೆಗಳು ದೊರೆಯುವ ರೂಪಗಳಲ್ಲಿ ಎಕ್ಸ್‌ಎಂಎಲ್ ಒಂದು. ಇದು 1998ರಲ್ಲಿ ಅಂಗೀಕೃತವಾದ ಬರವಣಿಗೆಯ ಕ್ರಮ. ಲಾಟಿಗೆ ಚೀಟಿ ಅಂಟಿಸುವಂತೆ ಇಲ್ಲಿ ಪ್ರತಿ ಮಾಹಿತಿಯ ಹಿಂದೆ ಮುಂದೆ ಅದರ ಹೆಸರಿನ ಚೀಟಿ ಇರುತ್ತದೆ: ಮಾರುಕಟ್ಟೆ, ಬೆಳೆ, ತಳಿ, ದಿನಾಂಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ಧಾರಣೆ. ಒಂದೇ ಒಂದು ಚೀಟಿಗೆ ಮುಕ್ತಾಯವಿಲ್ಲದಿದ್ದರೂ ಕಂಪ್ಯೂಟರ್ ಇಡೀ ಕಡತವನ್ನು ತಿರಸ್ಕರಿಸುತ್ತದೆ. ಆದುದರಿಂದ ಅರ್ಧಕ್ಕೆ ನಿಂತ ಕಡತವು ಮೋಸಮಾಡಲಾರದು.

ಮಾಡುವ ಕ್ರಮ

1. ತಾಣದಲ್ಲಿ ಹೆಸರು ನೋಂದಾಯಿಸಿ ಸ್ವಂತ ‘ಕೀ’ ಪಡೆಯಿರಿ. ಮಾದರಿಗೆಂದು ಕೊಟ್ಟ ಕೀ ಬಳಸಿದರೆ ಒಮ್ಮೆಗೆ 10 ದಾಖಲೆಗಳಷ್ಟೇ ಬರುತ್ತವೆ. ನಿಮ್ಮ ಪೇಟೆ ಅದರಲ್ಲಿ ಇಲ್ಲದಿರಬಹುದು.

2. ಪೈಥಾನಿನ ‘ಯುಆರ್‌ಎಲ್‌ಲಿಬ್’ನಿಂದ ಕಡತವನ್ನು ತರಿಸಿ, ‘ಎಲಿಮೆಂಟ್‌ಟ್ರೀ’ಯಿಂದ ಬಿಡಿಸಿರಿ. ಎರಡೂ ಪೈಥಾನ್ ಜೊತೆಯಲ್ಲಿಯೇ ಬರುತ್ತವೆ.

3. ಚೀಟಿಯ ಹೆಸರು ಹಿಡಿದು ಬೇಕಾದುದನ್ನು ಆರಿಸಿರಿ. ಹೆಸರುಗಳು ಇಂಗ್ಲಿಷಿನಲ್ಲಿದ್ದು, ತಾಣದಲ್ಲಿರುವ ಕಾಗುಣಿತವನ್ನೇ ಬಳಸತಕ್ಕದ್ದು.

4. ಬಂದ ಧಾರಣೆ ಕಂಪ್ಯೂಟರಿಗೆ ಬರಿಯ ಅಕ್ಷರ. ಅದನ್ನು ಸಂಖ್ಯೆಯಾಗಿ ಬದಲಿಸಿಕೊಳ್ಳಬೇಕು. ಇಲ್ಲವಾದರೆ ಮೊದಲ ಅಕ್ಷರ ನೋಡಿ 12000ಕ್ಕಿಂತ 9000 ದೊಡ್ಡದೆಂದು ಅದು ತೀರ್ಮಾನಿಸುತ್ತದೆ!

ಎಚ್ಚರಿಕೆ

ಕಂಪ್ಯೂಟರ್ ಚೀಟಿ ಓದೀತು. ಮಾಲಿನ ಗುಣ ಅರಿಯದು. ಬ್ಯಾಡಗಿ ಪೇಟೆಯಲ್ಲಿ ಬ್ಯಾಡಗಿ ತಳಿಯೂ ಗುಂಟೂರು ತಳಿಯೂ ಮಾರಾಟವಾಗುತ್ತವೆ. ಎರಡರ ಧಾರಣೆ ಬೇರೆ. ಆದುದರಿಂದ ತಳಿಯನ್ನೂ ನೋಡಿಯೇ ಆರಿಸಬೇಕು. ಗರಿಷ್ಠ ಧಾರಣೆ ಒಂದೇ ಲಾಟಿನದಿರಬಹುದು. ಹೆಚ್ಚಿನ ಮಾಲು ಹೋದ ದರವೇ ಮಾದರಿ ಧಾರಣೆ. ಲೆಕ್ಕಕ್ಕೆ ಅದನ್ನೇ ಹಿಡಿಯಿರಿ. ದರಗಳೆಲ್ಲ ಕ್ವಿಂಟಾಲಿಗೆ ರೂಪಾಯಿಗಳಲ್ಲಿರುತ್ತವೆ.

ಧಾರಣೆಯ ಪಕ್ಕದಲ್ಲಿ ದಿನಾಂಕವನ್ನು ತಪ್ಪದೆ ಬರೆಯಿರಿ. ದಾಖಲೆ ಬಾರದ ದಿನ ‘ಇಂದು ಧಾರಣೆ ಬಂದಿಲ್ಲ’ ಎಂದು ಬರೆದರೆ ನಷ್ಟವೇನಿಲ್ಲ. ನಿನ್ನೆಯ ದರವನ್ನು ಇಂದಿನದೆಂದು ಬರೆದರೆ ಗಾಡಿ ಹೂಡಿದ ರೈತ ಕೆಡುತ್ತಾನೆ.