ಪ್ರಸ್ತಾರ: ಗಣದಿಂದ ಗಣಕಕ್ಕೆ

ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರೂ ನೆಲೆಸಿರುವ ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ಸಿದ್ಧ ಉಡುಪಿನ ಉದ್ಯಮ ದೊಡ್ಡದು. ಒಂದು ಅಂಗಿಗೆ 4 ಅಳತೆ, 3 ಬಣ್ಣಗಳಿದ್ದರೆ 12 ಬಗೆಗಳಾಗುತ್ತವೆ. ಗಣಕದ ಸ್ಕ್ರಿಪ್ಟ್ ಎರಡು ಪಟ್ಟಿಗಳ ಪದಗಳನ್ನು ಜೋಡಿಸಿ ‘ದೊಡ್ಡದು-ನೀಲಿ’ ಎಂಬಂತಹ ಕೀಲಿಗಳನ್ನು ರಚಿಸುತ್ತದೆ. ಆ ಕೀಲಿಯಿಂದ ಬೆಲೆಯನ್ನೋ ದಾಸ್ತಾನನ್ನೋ ಹುಡುಕುತ್ತದೆ. ಯಾವ ಜೋಡಣೆಯೂ ತಪ್ಪಬಾರದು, ಯಾವುದೂ ಎರಡು ಬಾರಿ ಬರಬಾರದು. ನಡುವಣ ಗೆರೆಯೂ ಅಗತ್ಯ: ಅದಿಲ್ಲದಿದ್ದರೆ 1 ಮತ್ತು 12, 11 ಮತ್ತು 2 ಎರಡೂ ‘112’ ಆಗಿಬಿಡುತ್ತವೆ.

ಇದೇ ಸಮಸ್ಯೆಯನ್ನು ಛಂದಶ್ಶಾಸ್ತ್ರ ‘ಪ್ರಸ್ತಾರ’ದಿಂದ ಬಿಡಿಸಿತು. ಇಲ್ಲಿನ ಪಟ್ಟಿಯಲ್ಲಿರುವುದು ಗುರು, ಲಘು ಎರಡೇ, ಸ್ಥಾನಗಳು ಮೂರು, ಆದ್ದರಿಂದ ಅಕ್ಷರಗಣಗಳು 8. ಮೊದಲ ಸಾಲು ಸರ್ವಗುರು. ಪ್ರತಿ ಸಾಲಿನ ಎಡದ ಮೊದಲ ಗುರುವಿನ ಕೆಳಗೆ ಲಘು ಬರೆಯಬೇಕು. ಅದರ ಬಲಕ್ಕೆ ಮೇಲಿನ ಸಾಲನ್ನೇ ಇಳಿಸಬೇಕು. ಎಡಕ್ಕೆ ಗುರುಗಳನ್ನು ತುಂಬಬೇಕು. ಸರ್ವಲಘು ಬಂದಾಗ ಪ್ರಸ್ತಾರ ಮುಗಿಯುತ್ತದೆ. ಹೀಗೆ ದೊರೆಯುವ ಕ್ರಮ: ಮ, ಯ, ರ, ಸ, ತ, ಜ, ಭ, ನ. ಇಲ್ಲಿ ವಿನ್ಯಾಸವೇ ಕೀಲಿ, ಗಣದ ಹೆಸರೇ ಅದು ತೆರೆಯುವ ಮೌಲ್ಯ.

ಆದರೆ ಚಂಪಕಮಾಲೆಯ ಪಾದಕ್ಕೆ 21 ಅಕ್ಷರಗಳು. 21 ಸ್ಥಾನಗಳ ಪ್ರಸ್ತಾರದಲ್ಲಿ 20,97,152 ಸಾಲುಗಳಾಗುತ್ತವೆ. ಬರೆದು ಮುಗಿಸುವ ಮಾತಲ್ಲ. ಅದಕ್ಕಾಗಿ ಶಾಸ್ತ್ರಕಾರರು ‘ಉದ್ದಿಷ್ಟ’, ‘ನಷ್ಟ’ಗಳನ್ನು ಹೇಳಿದರು.

ಉದ್ದಿಷ್ಟವು ವಿನ್ಯಾಸದಿಂದ ಸಾಲಿನ ಸಂಖ್ಯೆಯನ್ನು ತಿಳಿಸುತ್ತದೆ. ಎಡದಿಂದ ಸ್ಥಾನಗಳಿಗೆ 1, 2, 4 ಎಂದು ದ್ವಿಗುಣಿಸುತ್ತ ಹೋಗಿ, ಲಘುಗಳಿರುವ ಸ್ಥಾನಗಳ ಅಂಕಗಳನ್ನು ಕೂಡಿಸಿ 1 ಸೇರಿಸಬೇಕು. ಜಗಣ ಲಘು-ಗುರು-ಲಘು, 1+4+1, ಅಂದರೆ 6ನೆಯ ಸಾಲು.

ನಷ್ಟವು ಸಂಖ್ಯೆಯಿಂದ ವಿನ್ಯಾಸವನ್ನು ಕೊಡುತ್ತದೆ. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧಿಸಬೇಕು. ಬೆಸವಾದರೆ ಗುರು ಬರೆದು, 1 ಕೂಡಿಸಿ ಅರ್ಧಿಸಬೇಕು. 6 ಸಮ, ಲಘು. ಅರ್ಧ 3 ಬೆಸ, ಗುರು. 4ರ ಅರ್ಧ 2 ಸಮ, ಲಘು. ಮತ್ತೆ ಜಗಣವೇ ದೊರೆಯಿತು.

ಸ್ಕ್ರಿಪ್ಟ್ ಬರೆಯುವವರೂ ಇದೇ ವಿವೇಕವನ್ನು ಪಾಲಿಸುತ್ತಾರೆ: ಪಟ್ಟಿಗಳು ಚಿಕ್ಕವಾದರೆ ಎಲ್ಲ ಕೀಲಿಗಳನ್ನೂ ಮೊದಲೇ ರಚಿಸಿಡುತ್ತಾರೆ, ದೊಡ್ಡವಾದರೆ ಬೇಕಾದ ಕೀಲಿಯನ್ನಷ್ಟೇ ಬೇಕಾದಾಗ ಲೆಕ್ಕ ಹಾಕುತ್ತಾರೆ.

ನಾಗವರ್ಮನ ‘ಛಂದೋಂಬುಧಿ’ಯನ್ನು ಓದುವ ವಿದ್ಯಾರ್ಥಿಗಳು ಬ್ರಹ್ಮಗಣ 4, ವಿಷ್ಣುಗಣ 8, ರುದ್ರಗಣ 16 ಎಂದು ಬಾಯಿಪಾಠ ಮಾಡುವುದು ರೂಢಿ. ಪ್ರಸ್ತಾರದ ಮರ್ಮ ತಿಳಿದವರಿಗೆ ಆ ಸಂಖ್ಯೆಗಳು ಏಕೆ ಇಮ್ಮಡಿಯಾಗುತ್ತವೆಂಬುದೂ ತಾನಾಗಿ ತಿಳಿಯುತ್ತದೆ: ಒಂದು ಅಂಶ ಹೆಚ್ಚಿದಂತೆ ಆಯ್ಕೆಗಳು ಎರಡರಷ್ಟಾಗುತ್ತವೆ.