ಕಾಂಜಿ ಓದಲು ಕಲಿಯುವ ಬಗೆ

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಪುಸ್ತಕ ತೆರೆದು ವಿದ್ಯೆ ಸಂಪಾದಿಸುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ; ನಮ್ಮವರ ರಾತ್ರಿಶಾಲೆಗಳೇ ಇದಕ್ಕೆ ಸಾಕ್ಷಿ. 2019ರಲ್ಲಿ ಜಪಾನ್ ದೇಶವು ಕುಶಲ ಕೆಲಸಗಾರರಿಗೆಂದು ಹೊಸ ವೀಸಾ ಪದ್ಧತಿಯನ್ನು ತಂದಾಗ ಉಪಾಹಾರಗೃಹದ ಕೆಲಸವನ್ನೂ ಅದರಲ್ಲಿ ಸೇರಿಸಿತು. 2021ರಲ್ಲಿ ಭಾರತದೊಡನೆ ಈ ಕುರಿತು ಒಪ್ಪಂದವೂ ಆಯಿತು. ಅಂದಿನಿಂದ ಜಪಾನೀ ಕಲಿಯುವ ಆಸೆ ನಮ್ಮ ತರುಣರಲ್ಲಿಯೂ ಮೂಡಿದ್ದರೆ ಅಚ್ಚರಿಯಿಲ್ಲ. ಆದರೆ ಅನೇಕರು ಎಡವುವುದು ಕಾಂಜಿ ಎಂಬ ಚಿತ್ರಾಕ್ಷರಗಳ ಹೊಸ್ತಿಲಲ್ಲಿಯೇ.

ಜಪಾನೀಯರಿಗೆ ಉಚ್ಚಾರಣೆಯನ್ನನುಸರಿಸುವ ಎರಡು ಅಕ್ಷರಮಾಲೆಗಳಿವೆ. ಒಂದೊಂದರಲ್ಲಿ 46 ಮೂಲಾಕ್ಷರಗಳು. ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ ಎಂದು ಸಾಗುವ ಅವುಗಳ ಕ್ರಮವು ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದ ಮೂಲಕ ಅಲ್ಲಿಗೆ ಹೋದುದು. ಆದುದರಿಂದ ಕನ್ನಡಿಗನಿಗೆ ಅಲ್ಲಿ ಕಷ್ಟವಿಲ್ಲ. ಕಾಂಜಿಯ ಮಾತೇ ಬೇರೆ. 2010ರ ಪಟ್ಟಿಯಂತೆ ನಿತ್ಯಬಳಕೆಯ ಕಾಂಜಿಗಳು 2,136. ಅವುಗಳಲ್ಲಿ 1,026ನ್ನು ಕಲಿಯಲು ಅಲ್ಲಿನ ಮಗುವಿಗೆ ಪ್ರಾಥಮಿಕ ಶಾಲೆಯ ಆರು ವರ್ಷಗಳು ಬೇಕು.

ನಾವು ಮೊದಲು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ದಿನಕ್ಕೆ ಇಪ್ಪತ್ತು ಅಕ್ಷರಗಳಂತೆ, ಒಂದೊಂದನ್ನೂ ನೂರು ಸಲ ಬರೆದೆವು. ಕೈ ಬರೆಯುತ್ತಿತ್ತು, ಮನಸ್ಸು ನಿದ್ರಿಸುತ್ತಿತ್ತು. ತಿಂಗಳು ಕಳೆದು ನೋಡಿದರೆ ಉಳಿದವು ಬೆರಳೆಣಿಕೆಯಷ್ಟು!

ಅಕ್ಷರವನ್ನು ಗೆರೆಗಳ ರಾಶಿಯೆಂದು ನೋಡದೆ ಅದರ ಅಂಗಗಳನ್ನು ಬಿಡಿಸಿ ನೋಡತಕ್ಕದ್ದು. ಮರದ ಚಿಹ್ನೆ ಎರಡಾದರೆ ತೋಪು, ಮೂರಾದರೆ ಕಾಡು. ಮರದ ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸಿದರೆ ವಿಶ್ರಾಂತಿ. ಆದರೆ ಇಂತಹ ಚಿತ್ರಗಳು ಕೊಂಚವೇ. ಹೆಚ್ಚಿನ ಅಕ್ಷರಗಳಲ್ಲಿ ಒಂದಂಗವು ಅರ್ಥವನ್ನೂ ಇನ್ನೊಂದು ಧ್ವನಿಯನ್ನೂ ಸೂಚಿಸುತ್ತದೆ. ನೀಲಿ ಎಂಬರ್ಥದ ಅಕ್ಷರಕ್ಕೆ 'ಸೇ' ಎಂಬ ಓದು ಉಂಟು. ಅದಕ್ಕೆ ನೀರನ್ನು ಸೇರಿಸಿದರೆ ನಿರ್ಮಲ, ಸೂರ್ಯನನ್ನು ಸೇರಿಸಿದರೆ ತಿಳಿಯಾದ ಹವೆ, ಮಾತನ್ನು ಸೇರಿಸಿದರೆ ಕೋರಿಕೆ. ಎಲ್ಲಕ್ಕೂ 'ಸೇ' ಎಂಬ ಓದೇ. ಹಣ ಕೇಳುವ ಬಿಲ್ಲಿಗೆ ಜಪಾನೀಯರು 'ಸೇಕ್ಯೂಶೊ' ಎನ್ನುವರು; ಅದರ ಮೊದಲ ಅಕ್ಷರ ಈ ಕೋರಿಕೆಯದೇ. ನಮ್ಮ ಗುಮಾಸ್ತ ಬಂಧುಗಳು ಇದನ್ನು ಮರೆಯಲಾರರು.

ಇನ್ನು ಓದುಗಳ ತೊಡಕು. ಬೆಟ್ಟದ ಅಕ್ಷರವು ಒಂಟಿಯಾಗಿದ್ದಾಗ 'ಯಮ' (ನಮ್ಮವರು ಹೆದರಬೇಕಾಗಿಲ್ಲ), ಫುಜಿ ಪರ್ವತದ ಹೆಸರಿನಲ್ಲಿ 'ಸನ್'. ಭಾನುವಾರಕ್ಕೆ 'ನಿಚಿಯೋಬಿ' ಎನ್ನುವರು. ಅದರ ಮೊದಲ 'ನಿಚಿ'ಯೂ ಕೊನೆಯ 'ಬಿ'ಯೂ ಒಂದೇ ಸೂರ್ಯಾಕ್ಷರ! ಆದ್ದರಿಂದ ಬಿಡಿ ಅಕ್ಷರದ ಓದುಗಳನ್ನು ಉರುಹೊಡೆಯುವುದು ವ್ಯರ್ಥ. ಪದವನ್ನೇ ಕಲಿತರೆ ಓದು ತಾನಾಗಿ ಬರುತ್ತದೆ. ಜೇಮ್ಸ್ ಹೈಸಿಗ್ ಎಂಬವರು 1977ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕ್ರಮದಲ್ಲಿ ಮೊದಲು ಕಥೆ ಕಟ್ಟಿ ಅರ್ಥವನ್ನು ಮಾತ್ರ ಕಲಿಯಬೇಕು, ಓದು ಆಮೇಲೆ. ಕಥೆ ಕಟ್ಟುವ ಉಪಾಯವನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಓದನ್ನು ಮುಂದೂಡುವುದು ಮಾತ್ರ ಬಿಡುವು ಉಳ್ಳವರಿಗೆ ಸರಿ, ರಾತ್ರಿ ಒಂದು ಗಂಟೆ ದೊರೆಯುವವರಿಗಲ್ಲ.

ಕಲಿತದ್ದು ಜಾರಿಹೋಗುವ ವೇಗವನ್ನು ಎಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತನು 1885ರಲ್ಲಿಯೇ ಅಳೆದು ತೋರಿಸಿದನು. 1972ರಲ್ಲಿ ಲೈಟ್ನರ್ ಎಂಬವರು ಇದಕ್ಕೆ ಚೀಟಿಪೆಟ್ಟಿಗೆಯ ಉಪಾಯ ಹೇಳಿದರು. ಚೀಟಿಯ ಮುಂದೆ ಪದ, ಹಿಂದೆ ಓದು ಮತ್ತು ಅರ್ಥ. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗಿ ಕೆಲವು ದಿನ ಬಿಟ್ಟು ಬರುತ್ತದೆ. ತಪ್ಪಿದ್ದು ಮೊದಲ ಖಾನೆಗೆ ಮರಳಿ ನಾಳೆಯೇ ಬರುತ್ತದೆ. ಈಗ ಮೊಬೈಲು ಈ ಲೆಕ್ಕವನ್ನು ತಾನೇ ಇಡುತ್ತದೆ. ಹಳೆಯ ಬಿಲ್ಲುಗಳ ಹಿಂಬದಿಯೂ ಸಾಕು. ಲೋಕಲ್ ಗಾಡಿಯಲ್ಲಿ ನಿಂತೇ ನೋಡಬಹುದು. ಉತ್ತರವನ್ನು ನೆನೆಯಲು ಯತ್ನಿಸದೆ ಚೀಟಿ ತಿರುಗಿಸಕೂಡದು.

ಜಪಾನೀ ಸಾಮರ್ಥ್ಯ ಪರೀಕ್ಷೆಯಲ್ಲಿ ಕೈಯಿಂದ ಬರೆಯುವುದೇ ಇಲ್ಲ, ಉತ್ತರ ಆರಿಸುವುದಷ್ಟೆ. ಆದುದರಿಂದ ಗೆರೆಗಳ ಕ್ರಮ ತಿಳಿಯುವಷ್ಟು, ನಾಲ್ಕೈದು ಸಲ ಬರೆದರೆ ಸಾಕು. ಅಧಿಕೃತ ಪಟ್ಟಿಯಿಲ್ಲದಿದ್ದರೂ ನಾಲ್ಕನೆಯ ದರ್ಜೆಗೆ ಸುಮಾರು ಮುನ್ನೂರು ಅಕ್ಷರಗಳೆಂದು ಅಂದಾಜು. ದಿನಕ್ಕೆ ಐದರಂತೆ ಅರವತ್ತು ದಿನ. ಮೈ ದಣಿದ ರಾತ್ರಿ ಹೊಸ ಐದನ್ನು ಬಿಡಬಹುದು. ಅಂದಿನ ಹಳೆಯ ಚೀಟಿಗಳನ್ನು ಮಾತ್ರ ಬಿಡಬಾರದು.